ಎರಡು ಡಬ್ಬಿ ಇಟ್ಟುಕೊಳ್ಳಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಚರ್ಚಿನ ಸೇವಾ ಕೆಲಸಕ್ಕೆ ದುಡ್ಡು ಎಲ್ಲಿಂದ ತರುವುದು? ಊರಿನವರನ್ನು ಕೇಳಬಹುದೇ? ಮೂವತ್ತೊಂದು ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವಳು ನಾನು. ಆಮೇಲೆ ಒಂಬತ್ತು ವರ್ಷ ಉಡುಪಿ ಹತ್ತಿರದ ನಮ್ಮ ಸಭೆಗೆ, ಅಂದರೆ ಚರ್ಚಿಗೆ, ಖಜಾಂಚಿಯಾಗಿದ್ದೆ. ಪ್ರಸಂಗ ಮಾಡಲು ಬರುವುದಿಲ್ಲ. ಲೆಕ್ಕ ಬರುತ್ತದೆ. ಇನ್ನೊಬ್ಬರ ಮನೆ ಬಾಗಿಲಲ್ಲಿ ನಿಂತು ಕೇಳುವಾಗ ನಾಲಿಗೆ ಒಣಗುವುದೂ ಗೊತ್ತು. ಅಷ್ಟರ ಮೇಲೆ ಬರೆಯುತ್ತಿದ್ದೇನೆ.

ಪ್ರಶ್ನೆ: ಮೇಡಂ, ವಂದನೆಗಳು. ನಮ್ಮದು ನಲವತ್ತೆರಡು ಮನೆಗಳ ಸಣ್ಣ ಸಭೆ. ದೇವಾಲಯದ, ಅಂದರೆ ಚರ್ಚಿನ ಕಟ್ಟಡದ, ಹಿಂದೆ ಎರಡು ಹಳೇ ಕೋಣೆ ಖಾಲಿ ಬಿದ್ದಿವೆ. ಅಲ್ಲಿ ಸಂಜೆ ಓಣಿಯ ಮಕ್ಕಳಿಗೆ ಟ್ಯೂಷನ್, ವಾರಕ್ಕೊಮ್ಮೆ ಬಿಪಿ-ಶುಗರ್ ತಪಾಸಣೆ ಶುರು ಮಾಡಬೇಕೆಂದು ನಮ್ಮ ಯುವಕರ ಆಸೆ. ಮೇಲಿನಿಂದ ಬರುತ್ತಿದ್ದ ಅನುದಾನ ನಿಂತು ಎಷ್ಟೋ ವರ್ಷವಾಯಿತು. ಓಣಿಯಲ್ಲಿ ಲಿಂಗಾಯತರು, ಮುಸ್ಲಿಮರು, ಎಲ್ಲರೂ ಇದ್ದಾರೆ, ಎಲ್ಲರೂ ಚೆನ್ನಾಗಿದ್ದೇವೆ. ಅವರನ್ನೇ ಕೇಳೋಣ ಎಂದರೆ ನಮ್ಮ ಇಬ್ಬರು ಹಿರಿಯರು ‘ದೇವರ ಕೆಲಸಕ್ಕೆ ಹೊರಗಿನವರ ದುಡ್ಡು ಯಾಕೆ? ಬೈಬಲಿನಲ್ಲಿ ಯೋಹಾನನ ಮೂರನೆಯ ಪತ್ರಿಕೆ ಓದಿ’ ಎನ್ನುತ್ತಾರೆ. ಏನು ಮಾಡೋಣ?
— ಸಭೆಯ ಕಾರ್ಯದರ್ಶಿ, ಗದಗ ಜಿಲ್ಲೆ

ಉತ್ತರ: ಮೊದಲು ಹಿರಿಯರ ಮಾತಿಗೆ ಬರೋಣ. ಅವರನ್ನು ಹಳೇ ಕಾಲದವರು ಎಂದು ಪಕ್ಕಕ್ಕೆ ಸರಿಸಬೇಡಿ. ಆ ಪತ್ರಿಕೆಯ ಏಳನೆಯ ವಚನ ಹೇಳುವುದು ಅದನ್ನೇ. ಯೇಸುವಿನ ಹೆಸರಿಗಾಗಿ ಹೊರಟವರು ಅನ್ಯಜನರಿಂದ ಏನೂ ತೆಗೆದುಕೊಳ್ಳಲಿಲ್ಲ. ಅಬ್ರಾಮನೂ ಅಷ್ಟೆ. ಸೊದೋಮಿನ ಅರಸ ಸಂಪತ್ತು ಕೊಡಲು ಬಂದಾಗ ಒಂದು ದಾರವೂ ಬೇಡ, ಕೆರದ ಬಾರೂ ಬೇಡ ಎಂದ. ‘ಅವನನ್ನು ಸಾಹುಕಾರ ಮಾಡಿದ್ದೇ ನಾನು’ ಅಂತ ನಾಳೆ ಆ ಅರಸ ಹೇಳಿಕೊಂಡು ತಿರುಗಬಾರದಲ್ಲ! ಗೇಟು ಮಾಡಿಸಿಕೊಟ್ಟ ಪುಣ್ಯಾತ್ಮನೊಬ್ಬ ದೇವಾಲಯದ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ತನ್ನ ಹೆಸರು ಬರೆಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಅಂದಿನಿಂದ ಅಬ್ರಾಮನ ಮೇಲೆ ನನಗೆ ಗೌರವ ಜಾಸ್ತಿ.

ಆದರೆ ಅದೇ ಬೈಬಲಿನಲ್ಲಿ ಬೇರೆ ಕತೆಗಳೂ ಇವೆ. ಸೊಲೊಮೋನನ ದೇವಾಲಯಕ್ಕೆ ದೇವದಾರು ಮರ ಬಂದದ್ದು ತೂರಿನ ಅರಸ ಹೀರಾಮನಿಂದ. ಯೆರೂಸಲೇಮನ್ನು ಮತ್ತೆ ಕಟ್ಟಲು ಹೊರಟ ನೆಹೆಮೀಯ ಪರ್ಷಿಯದ ಅರಸನನ್ನೇ ಕೇಳಿದ. ಅರಸನ ಕಾಡು ಕಾಯುವ ಆಸಾಫನಿಗೆ ಕಾಗದ ಬರೆಸಿಕೊಂಡ. ಸುಮ್ನೆ ‘ಏನಾದರೂ ಸಹಾಯ ಮಾಡಿ’ ಅನ್ನಲಿಲ್ಲ ನೋಡಿ. ಕೋಟೆಯ ಬಾಗಿಲಿಗೆ ಇಷ್ಟು, ಪಟ್ಟಣದ ಗೋಡೆಗೆ ಇಷ್ಟು, ತಾನಿರುವ ಮನೆಗೆ ಇಷ್ಟು ಮರ ಅಂತ ಬಿಡಿಸಿ ಹೇಳಿ ಕೇಳಿದ. ಇನ್ನು ಲೂಕ ಏಳನೆಯ ಅಧ್ಯಾಯ. ಕಪೆರ್ನೌಮಿನ ಯೆಹೂದಿ ಹಿರಿಯರು ಒಬ್ಬ ಶತಾಧಿಪತಿಯ, ಅಂದರೆ ನೂರು ಸೈನಿಕರ ನಾಯಕನ, ಪರವಾಗಿ ಯೇಸುವಿನ ಹತ್ತಿರ ಬರುತ್ತಾರೆ. ಅವನು ಯೆಹೂದಿಯಲ್ಲ. ‘ನಮಗೆ ಸಭಾಮಂದಿರ ಕಟ್ಟಿಸಿಕೊಟ್ಟವನು ಇವನೇ’ ಎನ್ನುತ್ತಾರೆ. ಯೇಸು ‘ಅವನ ದುಡ್ಡು ಯಾಕೆ ತಗೊಂಡಿರಿ’ ಎಂದು ಕೇಳಲಿಲ್ಲ. ಅವರ ಜೊತೆ ಹೊರಟ. ನಮ್ಮ ನಾಡಿಗೇ ಬಂದರೆ, ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಿನ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು, 1933ರ ಅಕ್ಟೋಬರ್ 28ರಂದು.

ಹಾಗಾದರೆ ಯಾವುದು ಸರಿ? ನನ್ನ ಲೆಕ್ಕದಲ್ಲಿ ಎರಡೂ ಸರಿ, ಡಬ್ಬಿ ಬೇರೆ ಬೇರೆ.

ಒಂದು, ಸಭೆಯ ಡಬ್ಬಿ. ಪಾಸ್ಟರರ ಸಂಬಳ, ಆರಾಧನೆಯ ಖರ್ಚು, ಸುವಾರ್ತಾ ಕೂಟ, ಬೈಬಲ್, ಸಂಡೇ ಸ್ಕೂಲು. ಇದು ಪೂರ್ತಿ ನಮ್ಮ ಜೇಬಿನಿಂದ. ಇಲ್ಲಿ ಹಿರಿಯರ ವಚನ ಅಕ್ಷರಶಃ ನಡೆಯಲಿ. ಎರಡನೆಯದು, ಓಣಿಯ ಡಬ್ಬಿ. ಟ್ಯೂಷನ್, ಬಿಪಿ ತಪಾಸಣೆ, ಇಂಥದ್ದು. ಇದಕ್ಕೆ ಯಾರು ಬೇಕಾದರೂ ಹಾಕಬಹುದು, ಇದರ ಉಪಯೋಗಕ್ಕೆ ಯಾರು ಬೇಕಾದರೂ ಬರಬಹುದು. ಟ್ಯೂಷನ್ನಿಗೆ ಬಂದ ಮಗುವನ್ನು ಭಾನುವಾರ ಬಾ ಎಂದು ಒತ್ತಾಯ ಮಾಡುವಂತಿಲ್ಲ. ಸಭೆಯ ಡಬ್ಬಿಯಿಂದ ಓಣಿಯ ಡಬ್ಬಿಗೆ ದುಡ್ಡು ಹೋಗಬಹುದು. ಆ ಕಡೆಯಿಂದ ಈ ಕಡೆಗೆ ಒಂದು ರೂಪಾಯಿಯೂ ಬರಕೂಡದು. ಸಾಲವಾಗಿ ಕೂಡ.

ಈ ಕೊನೆಯ ಮಾತು ನಾನು ಕೈ ಸುಟ್ಟುಕೊಂಡು ಕಲಿತದ್ದು.

ನಮ್ಮಲ್ಲಿ ಸಲಕರಣೆ ಕೋಣೆ ಅಂತ ಒಂದಿದೆ. ಒಬ್ಬರ ಮನೆಯ ಅಜ್ಜಿ ತೀರಿಕೊಂಡಾಗ ಅವರ ಗಾಲಿಕುರ್ಚಿ, ವಾಕರ್, ವಾಟರ್‌ಬೆಡ್, ಕಮೋಡ್ ಕುರ್ಚಿ ಎಲ್ಲ ತಂದು ದೇವಾಲಯದ ಪಕ್ಕದ ವೆಸ್ಟ್ರಿ ಕೋಣೆಯಲ್ಲಿ ಇಟ್ಟು ಹೋದರು. ಮೂಲೆಯಲ್ಲಿ ಧೂಳು ಹಿಡಿಯುತ್ತಿತ್ತು. ಬೇಕಾದವರಿಗೆ ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸು ತರಿಸಿಕೊಂಡರೆ ಹೇಗೆ ಎಂದು ಸ್ತ್ರೀ ಸಂಘದಲ್ಲಿ ಮಾತು ಬಂತು. ಇನ್ನೂರು ಪುಟದ ಒಂದು ಲಾಂಗ್ ಬುಕ್ ತಂದು ಗೆರೆ ಎಳೆದೆ. ಹೆಸರು, ಫೋನ್ ನಂಬರು, ಸಾಮಾನು, ಕೊಂಡುಹೋದ ದಿನ, ತಂದುಕೊಟ್ಟ ದಿನ. ಬಾಡಿಗೆ ಇಲ್ಲ, ಡಿಪಾಸಿಟ್ ಇಲ್ಲ. ಒಂದೇ ಷರತ್ತು, ತೊಳೆದು ತರಬೇಕು. ಒಯ್ದವರಲ್ಲಿ ನಮ್ಮ ಸಭೆಯವರಿಗಿಂತ ಹೊರಗಿನವರೇ ಜಾಸ್ತಿ. ಒಬ್ಬರು ಕಮೋಡ್ ಕುರ್ಚಿಯನ್ನು ಡೆಟಾಲ್ ಹಾಕಿ ತಿಕ್ಕಿ ತೊಳೆದು, ಬಿಸಿಲಲ್ಲಿ ಒಣಗಿಸಿ ತಂದರು. ಜೊತೆಗೆ ಒಂದು ಹೊಸ ಊರುಗೋಲು. ‘ಇದೂ ನಿಮ್ಮ ಕೋಣೆಯಲ್ಲೇ ಇರಲಿ ಅಕ್ಕ’ ಎಂದರು.

ಆಗ ಬೆಳೆಹಬ್ಬ ಬಂತು. ನಿಮಗೆ ಗೊತ್ತಲ್ಲ, ಆ ದಿನ ಪೀಠದ ಮುಂದೆ ಬಾಳೆಗೊನೆ, ಬಸಳೆ ಕಟ್ಟು, ತೆಂಗಿನಕಾಯಿ, ಮಲ್ಲಿಗೆ ಅಟ್ಟೆ, ಕಾಲು ಕಟ್ಟಿದ ಹುಂಜ ಎಲ್ಲ ಬಂದು ಕೂರುತ್ತವೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ಪ್ರತಿ ವರ್ಷ ನಮ್ಮನಮ್ಮಲ್ಲೇ ಕೂಗಿ ನಮ್ಮನಮ್ಮಲ್ಲೇ ಕೊಳ್ಳುತ್ತಿದ್ದೆವು. ಆ ವರ್ಷ ಮೈಕಿನ ಬಾಯಿಯನ್ನು ಗೇಟಿನ ಕಡೆ ತಿರುಗಿಸಿದೆವು. ಗೇಟಿಗೆ ಒಂದು ಬೋರ್ಡು ಹಾಕಿದೆವು: ‘ಇವತ್ತಿನ ಏಲಂ ಹಣ ಸಲಕರಣೆ ಕೋಣೆಗೆ. ಯಾರೂ ಬರಬಹುದು.’ ಎದುರಿಗೇ ರಿಕ್ಷಾ ಸ್ಟ್ಯಾಂಡು. ಮೊದಲು ಇಬ್ಬರು ಬಂದು ಕಾಂಪೌಂಡಿಗೆ ಒರಗಿ ನಿಂತರು. ಆಮೇಲೆ ಆರೇಳು ಜನ. ತರಕಾರಿ ಅಂಗಡಿಯವರೂ ಶಟರ್ ಅರ್ಧ ಎಳೆದು ಬಂದರು.

ಒಂದು ಕುಂಬಳಕಾಯಿ ಏಲಕ್ಕೆ ಬಂತು. ಐವತ್ತು ರೂಪಾಯಿಗೆ ಶುರು. ಒಬ್ಬ ರಿಕ್ಷಾ ಡ್ರೈವರ್ ನೂರು ಎಂದ. ತರಕಾರಿ ಅಂಗಡಿಯವರು ನೂರೈವತ್ತು ಎಂದರು, ನಗುತ್ತಾ, ತಮ್ಮ ಅಂಗಡಿಯಲ್ಲೇ ಅಂಥ ಇಪ್ಪತ್ತು ಕಾಯಿ ಇರುವಾಗ. ಇಬ್ಬರೂ ಹಟಕ್ಕೆ ಬಿದ್ದರು. ಕೊನೆಗೆ ಸಾವಿರದ ನೂರೈವತ್ತಕ್ಕೆ ಡ್ರೈವರ್‌ನ ಪಾಲಾಯಿತು. ದುಡ್ಡು ಎಣಿಸಿ ಕೊಟ್ಟ. ಕಾಯಿ ಎತ್ತಿಕೊಳ್ಳಲಿಲ್ಲ. ‘ಮತ್ತೆ ಏಲಕ್ಕೆ ಹಾಕಿ ಅಕ್ಕ. ನಮ್ಮ ಅಪ್ಪ ನಿಮ್ಮ ವಾಟರ್‌ಬೆಡ್ಡಿನಲ್ಲಿ ನಾಲ್ಕು ತಿಂಗಳು ಮಲಗಿದ್ದರು, ಬೆನ್ನಿಗೆ ಒಂದು ಹುಣ್ಣಾಗಲಿಲ್ಲ’ ಎಂದ. ಅಂಗಳ ಒಂದು ಗಳಿಗೆ ಸದ್ದಿಲ್ಲದಂತಾಯಿತು. ಆ ಕುಂಬಳಕಾಯಿ ಅವತ್ತು ಮೂರು ಸಲ ಮಾರಾಟವಾಯಿತು. ಕೊನೆಗೆ ಪಾಸ್ಟರಮ್ಮನ ಅಡುಗೆಮನೆಗೆ ಹೋಗಿ ಸಾಂಬಾರಾಯಿತು. ಹುಂಜ ಮಾತ್ರ ಗಲಾಟೆಯಲ್ಲಿ ಹಗ್ಗ ಬಿಚ್ಚಿಕೊಂಡು ಓಡಿಹೋಗಿತ್ತು. ಅದನ್ನು ಲೆಕ್ಕದಲ್ಲಿ ಹೇಗೆ ತೋರಿಸುವುದು ಎಂದು ಆಡಿಟರ್ ಕೇಳಿದರೆ ಉತ್ತರವಿರಲಿಲ್ಲ.

ಈಗ ನನ್ನ ತಪ್ಪು. ಅದೇ ವರ್ಷ ಸುವಾರ್ತಾ ಕೂಟ ಇತ್ತು. ಕಾಂಪೌಂಡು ಪಾಚಿ ಹಿಡಿದಿತ್ತು. ಸಭೆಯ ಖಾತೆಯಲ್ಲಿ ದುಡ್ಡಿರಲಿಲ್ಲ. ಸಲಕರಣೆ ಕೋಣೆಯ ದುಡ್ಡಿನಿಂದ ಆರು ಸಾವಿರ ತೆಗೆದು ಸುಣ್ಣ ಹೊಡೆಸಿದೆ. ಮುಂದಿನ ತಿಂಗಳ ಕಾಣಿಕೆಯಲ್ಲಿ ತಿರುಗಿ ಹಾಕಿದರಾಯಿತು ಎಂದುಕೊಂಡೆ. ಹಾಕಿಯೂ ಹಾಕಿದೆ. ಆದರೆ ನಡುವೆ ಆ ತರಕಾರಿ ಅಂಗಡಿಯವರು ಚೀಲಕ್ಕೆ ಬೀನ್ಸ್ ತುಂಬುತ್ತಾ ಕೇಳಿದರು: ‘ಗೋಡೆ ಚೆನ್ನಾಗಿ ಕಾಣುತ್ತದೆ. ನಮ್ಮ ಕುಂಬಳಕಾಯಿ ದುಡ್ಡಾ?’ ತಮಾಷೆಗೇ ಕೇಳಿದ್ದು, ಅವರಿಗೆ ಏನೂ ಗೊತ್ತಿರಲಿಲ್ಲ. ನನಗೆ ಬೀನ್ಸಿನ ಬೆಲೆ ಕೇಳುವುದೂ ಮರೆತುಹೋಯಿತು. ಮಾರನೆಯ ವಾರವೇ ಬೇರೆ ಬ್ಯಾಂಕ್ ಖಾತೆ ತೆರೆದೆವು. ಚೆಕ್ಕಿಗೆ ಇಬ್ಬರ ಸಹಿ ಬೇಕೆಂದು ಮಾಡಿದೆವು.

ನಿಮ್ಮ ಓಣಿಗೆ ಬರೋಣ. ಮೊದಲು ದುಡ್ಡು ಕೇಳಬೇಡಿ. ಸಾಮಾನು ಕೇಳಿ, ಸಮಯ ಕೇಳಿ. ಗದಗ-ಬೆಟಗೇರಿ ಎಂದರೆ ಪ್ರಿಂಟಿಂಗ್ ಪ್ರೆಸ್ಸುಗಳ ಊರು. ಕಟಿಂಗ್‌ನಲ್ಲಿ ಉಳಿಯುವ ಬಿಳಿ ಕಾಗದ ಕೇಳಿ, ಹೊಲಿದರೆ ಮಕ್ಕಳ ರಫ್ ನೋಟ್‌ಬುಕ್ ಆಗುತ್ತದೆ. ಬಿಎಡ್ ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ಹುಡುಗಿ ಯಾವ ಮನೆಯಲ್ಲಾದರೂ ಇರುತ್ತಾಳೆ, ವಾರಕ್ಕೆ ಎರಡು ಸಂಜೆ ಗಣಿತ ಹೇಳಿಕೊಡಲು ಕೇಳಿ. ನಿವೃತ್ತ ನರ್ಸ್ ಒಬ್ಬರನ್ನು ಹುಡುಕಿ. ಮೆಡಿಕಲ್ ಶಾಪಿನವರನ್ನು ಶುಗರ್ ಸ್ಟ್ರಿಪ್ ಅಸಲು ಬೆಲೆಗೆ ಕೊಡುತ್ತೀರಾ ಎಂದು ಕೇಳಿ. ಬೆಂಚು ಕೊಟ್ಟವರಿಗೂ ರಸೀದಿ ಕೊಡಿ: ‘ಬೆಂಚು 2, ಸ್ವೀಕರಿಸಿದೆವು.’ ತಾನು ಕೊಟ್ಟ ಬೆಂಚಿನ ಮೇಲೆ ತನ್ನ ಓಣಿಯ ಮಗು ಕೂತು ಓದುವುದನ್ನು ಕಂಡವರು ದುಡ್ಡನ್ನು ತಾವಾಗಿ ಕೊಡುತ್ತಾರೆ. ನಿಮ್ಮ ಕಡೆ ಇದೇನು ಹೊಸತಲ್ಲ. ಮಠದ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಪ್ರಸಾದ ನಿಲಯ ಕಟ್ಟಿದ್ದನ್ನು ಕಂಡ ಜನ ಅವರು. ಕೊಡುವುದು ಅವರಿಗೆ ಗೊತ್ತು. ಕೇಳುವುದು ನಮಗೆ ಗೊತ್ತಿಲ್ಲ, ಅಷ್ಟೆ.

ನಮಗೆ ಯಾಕೆ ಗೊತ್ತಿಲ್ಲ? ಬಹುಶಃ ಕಾರಣ ನಮ್ಮ ಚರಿತ್ರೆಯಲ್ಲೇ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಿಮ್ಮ ಬೆಟಗೇರಿಗೆ. ಶಾಲೆ, ದೇವಾಲಯ ಎಲ್ಲ ಎದ್ದವು. ದುಡ್ಡು ಎಲ್ಲೋ ದೂರದಿಂದ ಬರುತ್ತದೆ ಎಂಬುದು ನಮಗೆ ಅಭ್ಯಾಸವಾಯಿತು. ಆದರೆ ಆ ದೂರದಲ್ಲಿ ಅದನ್ನು ಕೂಡಿಸಿದ ಬಗೆ ನೋಡಿ. 1850ರ ದಶಕದಲ್ಲಿ ಕಾರ್ಲ್ ಸರಾಸಿನ್ ಎಂಬ ಬಾಸೆಲಿನ ರೇಷ್ಮೆ ರಿಬ್ಬನ್ ವ್ಯಾಪಾರಿ ಅರ್ಧ ಬಾಟ್ಸೆನ್ ಕಾಣಿಕೆ ಶುರು ಮಾಡಿದರು. ಬಾಟ್ಸೆನ್ ಅಂದರೆ ಅಲ್ಲಿನ ಒಂದು ಚಿಲ್ಲರೆ ನಾಣ್ಯ. ವಾರಕ್ಕೆ ಅದರ ಅರ್ಧ. ಮನೆಮನೆಗೆ ಹೋಗಿ ಸಂಗ್ರಹಿಸುತ್ತಿದ್ದರು. ರೈತರು, ಮನೆಗೆಲಸದವರು ಕೂಡ ಕೊಡಬಹುದಾದ ಮೊತ್ತ. ನಮ್ಮ ಗೋಡೆಗಳಲ್ಲಿ ಆ ಚಿಲ್ಲರೆ ಇದೆ. ಇನ್ನೊಂದು ಕಡೆ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು, ನೇಯ್ಗೆ ಕಾರ್ಖಾನೆ ಅದಕ್ಕೂ ಮೊದಲೇ ಇತ್ತು. ಆ ಹೆಂಚು ದೇವಸ್ಥಾನಕ್ಕೂ ಹೋಯಿತು, ಮಸೀದಿಗೂ ಹೋಯಿತು. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಈ ಮಿಶನ್ನಿನ ಜರ್ಮನ್ ಮಿಶನರಿಗಳನ್ನು ಬಂಧಿಸಿತು, ಹೊರಗೆ ಕಳಿಸಿತು. ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು. ದೂರದ ಕೊಡ ಒಮ್ಮೆಲೇ ಖಾಲಿಯಾದಾಗ ಏನಾಗುತ್ತದೆ ಎಂಬುದು ನಮ್ಮ ಅಜ್ಜ-ಅಜ್ಜಿಯರಿಗೆ ಗೊತ್ತಿತ್ತು.

ಒಂದು ಕೊನೆಯ ಸಲಹೆ. ಓಣಿಯ ಡಬ್ಬಿಗೆ ಐದು ಜನರ ಸಮಿತಿ ಮಾಡಿ, ಅದರಲ್ಲಿ ಇಬ್ಬರು ನಿಮ್ಮ ಸಭೆಯವರಲ್ಲದವರು ಇರಲಿ. ತಿಂಗಳ ಲೆಕ್ಕವನ್ನು ದೇವಾಲಯದ ಒಳಗಿನ ಬೋರ್ಡಿಗಲ್ಲ, ರಸ್ತೆಗೆ ಕಾಣುವಂತೆ ಗೇಟಿಗೆ ಹಾಕಿ. ಪೌಲನೂ ಬಡವರಿಗಾಗಿ ಕೂಡಿಸಿದ ಹಣವನ್ನು ಒಬ್ಬನೇ ಒಯ್ಯಲಿಲ್ಲ. ದೇವರ ಮುಂದೆ ಸರಿಯಿದ್ದರೆ ಸಾಲದು, ಮನುಷ್ಯರ ಮುಂದೆಯೂ ಸರಿಯಿರಬೇಕು ಎಂದು ಕೊರಿಂಥದವರಿಗೆ ಬರೆದ. ಆ ವಚನ ನಿಮ್ಮ ಹಿರಿಯರಿಗೂ ಇಷ್ಟವಾಗುತ್ತದೆ.

ಪ್ರಶ್ನೆ: ಆಂಟಿ, ನಮ್ಮ ಅಜ್ಜಿ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಮುಷ್ಟಿ ಬೇರೆ ಮಡಕೆಗೆ ಹಾಕುತ್ತಿದ್ದರು, ದೇವರ ಕೆಲಸಕ್ಕೆ ಅಂತ. ಇದನ್ನು ಮತ್ತೆ ಶುರು ಮಾಡಬಹುದಾ? ಈಗ ಎಲ್ಲರೂ ಫೋನಿನಲ್ಲೇ ದುಡ್ಡು ಹಾಕುತ್ತಾರಲ್ವಾ?
— ಓದುಗಳು, ಮಂಗಳೂರು

ಉತ್ತರ: ಮಾಡಬಹುದು ಮಗಳೇ. ಮಿಜೋರಾಮಿನ ಪ್ರೆಸ್ಬಿಟೀರಿಯನ್ ಸಭೆಯ ಹೆಂಗಸರು 1910ರಲ್ಲಿ ಶುರು ಮಾಡಿದ್ದನ್ನು ಇನ್ನೂ ಬಿಟ್ಟಿಲ್ಲ. ಅವರ ಭಾಷೆಯಲ್ಲಿ ಬುಹ್ಫಾಯ್ ಥಾಮ್, ಅಂದರೆ ಒಂದು ಹಿಡಿ ಅಕ್ಕಿ. ಒಲೆ ಹಚ್ಚಿದಾಗಲೆಲ್ಲ ಒಂದು ಹಿಡಿ ಪಕ್ಕಕ್ಕೆ. ಸಂಘದ ಹೆಂಗಸರು ಮನೆಮನೆಯಿಂದ ಅದನ್ನು ಕೂಡಿಸಿ ಮಾರುತ್ತಾರೆ. ಆ ದುಡ್ಡಿನಿಂದಲೇ ಎಷ್ಟೋ ದೂರದ ಊರುಗಳಲ್ಲಿ ಅವರ ಮಿಶನ್ ಕೆಲಸ ನಡೆದಿದೆ. ಕೈಯಲ್ಲಿ ಕಾಸಿಲ್ಲದ ಹೆಂಗಸಿಗೂ ಅನ್ನದ ಪಾತ್ರೆಯ ಮೇಲೆ ಅಧಿಕಾರ ಇತ್ತು ನೋಡು. ಗಂಡನನ್ನು ಕೇಳಬೇಕಾಗಿರಲಿಲ್ಲ. ಅದರ ಗುಟ್ಟು ಅದೇ ಎಂದು ನನಗನ್ನಿಸುತ್ತದೆ.

ಪೇಟೆಯಲ್ಲಿ ನೀನು ಅಕ್ಕಿಯನ್ನೇ ಇಟ್ಟುಕೋ. ಫೋನಿನ ದುಡ್ಡು ಬೇಡ ಅಂತಲ್ಲ. ಆದರೆ ದಿನಾ ಕೈ ಹಾಕುವ ಅಭ್ಯಾಸ ಫೋನಿನಲ್ಲಿ ಬರುವುದಿಲ್ಲ. ಒಂದು ಕೆಲಸ ಮಾಡು. ಆ ಅಕ್ಕಿಯನ್ನು ಮಾರುವ ಬದಲು ತಿಂಗಳಿಗೊಮ್ಮೆ ಗಂಜಿ ಬೇಯಿಸು, ಆಸ್ಪತ್ರೆಯಲ್ಲಿ ರೋಗಿಯ ಜೊತೆ ನಿಂತವರಿಗೆ ಕೊಡು. ರೋಗಿಗೆ ಹೇಗೋ ಊಟ ಸಿಗುತ್ತದೆ, ಜೊತೆಗೆ ಬಂದವರು ಉಪವಾಸ ಇರುತ್ತಾರೆ. ನಿನ್ನ ಪಕ್ಕದ ಫ್ಲ್ಯಾಟಿನ ಕೊಂಕಣಿ ಅಮ್ಮ, ಕೆಳಗಿನ ಮನೆಯ ಬ್ಯಾರಿ ಅಕ್ಕ ಇಬ್ಬರಿಗೂ ಒಂದೊಂದು ಖಾಲಿ ಹಾರ್ಲಿಕ್ಸ್ ಬಾಟಲಿ ಕೊಟ್ಟು ನೋಡು. ಗಂಜಿಗೆ ಉಪ್ಪಿನಕಾಯಿ ನಾನು ಕಳಿಸುತ್ತೇನೆ.

ಪ್ರಶ್ನೆ: ಮೇಡಂ, ನಾನು ಮಸ್ಕತ್‌ನಲ್ಲಿ ಕೆಲಸ ಮಾಡುತ್ತೇನೆ. ಊರಿನ ಚರ್ಚಿನವರು ಹಾಸಿಗೆ ಹಿಡಿದವರ ಮನೆಗೆ ಹೋಗಿ ಆರೈಕೆ ಮಾಡುತ್ತಾರೆ. ಅದಕ್ಕೆ ದುಡ್ಡು ಕಳಿಸಬೇಕು. ‘ವಿದೇಶಿ ದುಡ್ಡು, ತೊಂದರೆಯಾಗುತ್ತದೆ’ ಎಂದು ಹೆದರಿಸುತ್ತಾರೆ. ನನ್ನ ಅಣ್ಣ ಕೆನಡಾದಲ್ಲಿದ್ದಾನೆ, ಅಲ್ಲಿನ ಪೌರತ್ವ ತೆಗೆದುಕೊಂಡಿದ್ದಾನೆ. ಅವನೂ ಕಳಿಸಬೇಕೆಂದಿದ್ದಾನೆ.
— ಮಸ್ಕತ್‌ನಿಂದ

ಉತ್ತರ: ತಮ್ಮಾ, ನಿನ್ನದು ಬೇರೆ, ನಿನ್ನ ಅಣ್ಣನದು ಬೇರೆ. ನಿನ್ನ ಹತ್ತಿರ ಭಾರತದ ಪಾಸ್‌ಪೋರ್ಟ್ ಇದೆ. ನಿನ್ನ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಕಾನೂನಿನ ಲೆಕ್ಕದಲ್ಲಿ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಪಾಸ್‌ಪೋರ್ಟಿನ ಒಂದು ಪ್ರತಿ ಚರ್ಚಿನ ಫೈಲಿನಲ್ಲಿ ಇರಲಿ, ನಾಳೆ ಯಾರಾದರೂ ಕೇಳಿದರೆ ತೋರಿಸಲು. ಅಲ್ಲಿನ ಗೆಳೆಯರ ದುಡ್ಡನ್ನು ಕೂಡಿಸಿ ನಿನ್ನ ಹೆಸರಿನಲ್ಲಿ ಕಳಿಸಬೇಡ.

ನಿನ್ನ ಅಣ್ಣ ಈಗ ಕೆನಡಾದವನು. ಹುಟ್ಟಿದ್ದು ಎಲ್ಲೇ ಆಗಲಿ, ಅವನು ಕೊಡುವುದು ವಿದೇಶಿ ದೇಣಿಗೆ. ಅದಕ್ಕೆ ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ 2010ರ ಎಫ್‌ಸಿಆರ್‌ಎ ಕಾಯ್ದೆ ಅನ್ವಯಿಸುತ್ತದೆ. ಚರ್ಚಿನ ಸಂಸ್ಥೆಗೆ ಆ ನೋಂದಣಿ ಅಥವಾ ಮೊದಲೇ ಪಡೆದ ಅನುಮತಿ ಇರಬೇಕು. 2020ರ ತಿದ್ದುಪಡಿಯ ಮೇಲೆ ಅಂಥ ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತದ ಖರ್ಚು ನೂರಕ್ಕೆ ಇಪ್ಪತ್ತನ್ನು ದಾಟುವಂತಿಲ್ಲ. ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ನಿಮ್ಮ ಸಣ್ಣ ಚರ್ಚಿಗೆ ಆ ನೋಂದಣಿ ಇಲ್ಲದಿದ್ದರೆ ಅಣ್ಣನಿಗೆ ಬೇರೆ ಕೆಲಸ ಹಚ್ಚು. ರಜೆಗೆ ಬಂದಾಗ ಎರಡು ವಾರ ಆ ತಂಡದ ಜೊತೆ ಮನೆಮನೆಗೆ ಹೋಗಲಿ. ಹಾಸಿಗೆಯಲ್ಲಿರುವವರ ಮಗ್ಗುಲು ಬದಲಿಸುವುದು ಹೇಗೆ ಎಂದು ಕಲಿಯಲಿ. ಡಾಲರಿಗಿಂತ ಅದು ಕಷ್ಟ, ಆದರೆ ಅದಕ್ಕೆ ಎಫ್‌ಸಿಆರ್‌ಎ ನೋಂದಣಿ ಬೇಕಾಗಿಲ್ಲ.

ಪ್ರಶ್ನೆ: ನಮ್ಮ ಕಂಪನಿಯ ಸಿಎಸ್‌ಆರ್ ಹಣ ನಮ್ಮ ಚರ್ಚಿಗೆ ಸಿಗುವಂತೆ ಮಾಡಬಹುದೇ? ಪಾಸ್ಟರ್ ವಾರಕ್ಕೆರಡು ಸಲ ಕೇಳುತ್ತಾರೆ.
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಚರ್ಚಿಗೆ ಇಲ್ಲ. 2013ರ ಕಂಪನಿ ಕಾಯ್ದೆಯಲ್ಲಿ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ನೂರಕ್ಕೆ ಎರಡು ಪಾಲು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, ಸಿಎಸ್‌ಆರ್ ಅಂದರೆ ಅದೇ. ಯಾವ ಕೆಲಸ ಎಂಬುದಕ್ಕೆ ಏಳನೆಯ ಅನುಸೂಚಿಯ ಪಟ್ಟಿ ಇದೆ. ಶಿಕ್ಷಣ, ಆರೋಗ್ಯ, ಕುಡಿಯುವ ನೀರು ಎಲ್ಲ ಉಂಟು, ಆರಾಧನೆ ಇಲ್ಲ. ನಿಮ್ಮ ಚರ್ಚು ಸೇವಾ ಕೆಲಸಕ್ಕೆ ಬೇರೆ ಟ್ರಸ್ಟ್ ಅಥವಾ ಸೊಸೈಟಿ ಮಾಡಿ, ಆದಾಯ ತೆರಿಗೆಯ ನೋಂದಣಿಗಳನ್ನು ಮಾಡಿಸಿ, ಸಿಎಸ್‌ಆರ್-1 ಎಂಬ ನೋಂದಣಿ ಫಾರ್ಮ್ ಹಾಕಿದ್ದರೆ ಕೇಳಬಹುದು. ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯ ರಿಯಾಯಿತಿ ಸಿಗುವುದೂ ಹಾಗೆ ಬೇರೆ ಇಟ್ಟ, ಎಲ್ಲ ಜನರಿಗೂ ತೆರೆದ ಸಂಸ್ಥೆಗೇ. ಎರಡು ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ರಿಯಾಯಿತಿಯೂ ಇಲ್ಲ. ನೋಡಿ, ಕಾನೂನು ಕೂಡ ಎರಡು ಡಬ್ಬಿಯನ್ನೇ ಕೇಳುತ್ತದೆ.

ಪಾಸ್ಟರರಿಗೆ ಹೀಗೆ ಹೇಳಿ: ಕಂಪನಿಯ ದುಡ್ಡು ತರಲು ನನ್ನಿಂದಾಗದು, ಕಂಪನಿಯ ಹತ್ತು ಜನರನ್ನು ಶನಿವಾರ ತರುತ್ತೇನೆ. ಚರ್ಚಿನ ಹಾಲಿನಲ್ಲಿ ನಾಲ್ಕು ಹಳೇ ಲ್ಯಾಪ್‌ಟಾಪ್ ಇಟ್ಟು, ಬೀದಿಯ ಮನೆಗೆಲಸದ ಹೆಂಗಸರಿಗೆ ಪಿಂಚಣಿ, ರೇಷನ್ ಕಾರ್ಡು, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ಹಾಕಿಕೊಡಿ. ಸೈಬರ್ ಸೆಂಟರಿನಲ್ಲಿ ಅವರು ಪ್ರತಿ ಅರ್ಜಿಗೂ ದುಡ್ಡು ತೆರುತ್ತಾರೆ. ಬರುವ ಹತ್ತು ಜನರಲ್ಲಿ ಎಂಟು ಜನ ಕ್ರೈಸ್ತರಲ್ಲದಿದ್ದರೂ ಅಡ್ಡಿಯಿಲ್ಲ. ಇನ್ನೊಂದು ಮಾತು. ನಿಮ್ಮ ಚರ್ಚಿನ ಕ್ಯೂಆರ್ ಕೋಡು ಯಾರ ಸ್ವಂತ ಖಾತೆಗೆ ಹೋಗುತ್ತದೆ ಎಂದು ಈ ಭಾನುವಾರ ಒಮ್ಮೆ ಸ್ಕ್ಯಾನ್ ಮಾಡಿ ನೋಡಿ. ಯಾರದೋ ವೈಯಕ್ತಿಕ ಹೆಸರು ಬಂದರೆ ಮೆಲ್ಲಗೆ ಕೇಳಿ. ಜಗಳ ಬೇಡ. ಆದರೆ ಕೇಳಿ.

ಪ್ರಶ್ನೆ: ನಾನು ಕ್ರೈಸ್ತನಲ್ಲ. ನನ್ನ ಹೆಂಡತಿ ಈ ಪತ್ರಿಕೆಯನ್ನು ಪಕ್ಕದ ಮನೆಯವರಿಂದ ತಂದು ಓದುತ್ತಾಳೆ, ನಾನೂ ಓದುತ್ತೇನೆ. ನಮ್ಮ ಬೀದಿಯ ಚರ್ಚಿನವರು ಮಕ್ಕಳ ಟ್ಯೂಷನ್ನಿಗೆ ಬೆಂಚು ಇದ್ದರೆ ಕೊಡಿ ಎಂದು ಬಂದಿದ್ದರು. ನನ್ನ ಹಳೇ ಅಂಗಡಿಯ ಮೂರು ಬೆಂಚು ಇವೆ. ಒಳ್ಳೆಯ ಜನ, ಆದರೆ ಮನೆಯಲ್ಲಿ ಅಣ್ಣ ‘ಆಮೇಲೆ ಮತಾಂತರ ಅಂತಾರೆ, ಯಾಕೆ ತಲೆನೋವು’ ಎನ್ನುತ್ತಾನೆ. ಕೊಡಲೋ ಬೇಡವೋ?
— ಓದುಗ, ಶಿವಮೊಗ್ಗ

ಉತ್ತರ: ನೀವು ಈ ಪ್ರಶ್ನೆ ನನಗೆ ಬರೆದದ್ದೇ ಸಂತೋಷ. ನಿಮ್ಮ ಅಣ್ಣನವರ ಅನುಮಾನಕ್ಕೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಕೆಲವು ಕಡೆ ನಮ್ಮವರೇ ಅಂಥ ಅನುಮಾನಕ್ಕೆ ಜಾಗ ಕೊಟ್ಟಿದ್ದಾರೆ. ಬಿಸ್ಕತ್ತು ಕೊಟ್ಟು ಹಾಡು ಹೇಳಿಸುವ ಟ್ಯೂಷನ್ನನ್ನು ನಾನೂ ನೋಡಿದ್ದೇನೆ. ಅದು ಹಾಡಿಗೂ ಅವಮಾನ, ಬಿಸ್ಕತ್ತಿಗೂ ಅವಮಾನ.

ಅವರನ್ನು ಮನೆಗೆ ಕರೆದು, ಕಾಫಿ ಕೊಟ್ಟು, ನೇರವಾಗಿ ಕೇಳಿ. ಟ್ಯೂಷನ್ ಹೊತ್ತಿನಲ್ಲಿ ಪ್ರಾರ್ಥನೆ, ಪಾಠ ಏನಾದರೂ ಇದೆಯೇ? ನಮ್ಮ ಬೀದಿಯ ತಂದೆತಾಯಿ ಯಾವಾಗ ಬೇಕಾದರೂ ಬಂದು ಹಿಂದೆ ಕೂತು ನೋಡಬಹುದೇ? ಲೆಕ್ಕವನ್ನು ಎಲ್ಲಿ ಹಾಕುತ್ತೀರಿ? ಅವರು ತಡವರಿಸದೆ ಉತ್ತರ ಕೊಟ್ಟರೆ ಬೆಂಚು ಕೊಡಿ. ತಡವರಿಸಿದರೆ ಕೊಡಬೇಡಿ, ಯಾಕೆ ಕೊಡಲಿಲ್ಲ ಎಂದೂ ಹೇಳಿ. ಅವರು ದೇವರನ್ನು ನಂಬಿಯೇ ಈ ಕೆಲಸ ಮಾಡುತ್ತಿದ್ದಾರೆ. ಕೇಳಿದರೆ ಅದನ್ನು ಮುಚ್ಚಿಡಲಾರರು, ಮುಚ್ಚಿಡಲೂ ಬಾರದು. ನಂಬಿಕೆಯಿಂದ ಮಾಡುವುದು ಬೇರೆ, ನಂಬಿಕೆಯನ್ನು ಬೆಂಚಿಗೆ ಕಟ್ಟಿ ಮಾರುವುದು ಬೇರೆ. ವ್ಯಾಪಾರ ಮಾಡಿದವರು ನೀವು, ಯಾವುದು ಯಾವುದೆಂದು ನಿಮಗೆ ಬೇಗ ಗೊತ್ತಾಗುತ್ತದೆ.

ಕೊಡುವುದಾದರೆ ಒಂದು ಸಂಜೆ ಅಣ್ಣನವರನ್ನೂ ಕರೆದುಕೊಂಡು ಹೋಗಿ, ಅದೇ ಬೆಂಚಿನ ಮೇಲೆ ಕೂರಿಸಿ. ಕಾಲು ಅಲುಗಾಡುತ್ತಿದ್ದರೆ ಕೊಡುವ ಮೊದಲೇ ಒಂದು ಮೊಳೆ ಹೊಡೆಸಿಬಿಡಿ. ನಮ್ಮ ಚರ್ಚುಗಳಲ್ಲಿ ಸುತ್ತಿಗೆ ಇಟ್ಟ ಜಾಗ ಯಾವತ್ತೂ ಯಾರಿಗೂ ನೆನಪಿರುವುದಿಲ್ಲ.